ಅಕ್ಕನನ್ನು ಕೇಳಿ: ಯಾವಾಗಲೂ ನಗ್ತಾ ಇರಬೇಕಾ?

ಪ್ರಶ್ನೆ: ಅಕ್ಕಾ, ಮದುವೆಯಾಗಿ ಶಿರಸಿಗೆ ಬಂದು ಒಂದು ವರ್ಷವಾಯಿತು. ಮೊದಲಿನಿಂದಲೂ ನನಗೆ ಮಾತು ಕಡಿಮೆ. ಮನೆಗೆ ಯಾರೇ ಬಂದರೂ ಅತ್ತೆ ‘ಸ್ವಲ್ಪ ನಗುಮುಖ ಮಾಡು ಮಾರಾಯ್ತಿ’ ಅನ್ನುತ್ತಾರೆ. ಮನಸ್ಸಿನಲ್ಲಿ ಇಲ್ಲದ ನಗುವನ್ನು ಮುಖಕ್ಕೆ ತಂದುಕೊಳ್ಳುವುದು ನಾಟಕ ಅಲ್ವಾ? – ಹೆಸರು ಬೇಡ, ಶಿರಸಿ

ಉತ್ತರ: ಬರೀ ಹಲ್ಲು ತೋರಿಸುವುದಾದರೆ ನಾಟಕವೇ ತಂಗಿ.

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನನಗೆ ಗುರುತಿನ ಅಮ್ಮ ಒಬ್ಬರಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ನೋಡು, ಆಗ ಅವರ ಬುಟ್ಟಿಯಲ್ಲಿ ಒಣಮೀನು ಬಿಟ್ಟರೆ ಜಾಸ್ತಿ ಏನೂ ಇರುವುದಿಲ್ಲ, ಮೇಲಿಂದ ಧೋ ಅಂತ ಮಳೆ. ಹೋದ ಮಳೆಗಾಲದಲ್ಲಿ ‘ಏನುಂಟು?’ ಅಂದೆ. ‘ಬಂಗಡೆ ಒಣಗಿದ್ದು, ಮಾತು ಮಾತ್ರ ತಾಜಾ. ಯಾವುದು ಕಟ್ಟಲಿ?’ ಅಂದರು. ಚೌಕಾಸಿ ಅತಿಯಾದರೆ ಇದೇ ಅಮ್ಮ ಬೈದು ಕಳಿಸುವುದೂ ಉಂಟು. ಇನ್ನೊಂದು ದಿನ ನನ್ನ ಮುಂದೆ ನಿಂತಿದ್ದ ಹೆಂಗಸಿನ ಗಂಡ ಆಸ್ಪತ್ರೆಯಲ್ಲಿದ್ದರು. ಅವತ್ತು ಅಮ್ಮ ಒಂದೂ ತಮಾಷೆ ಮಾಡಲಿಲ್ಲ. ಕೂತಿದ್ದ ಮಣೆಯನ್ನು ಅವಳತ್ತ ಸರಿಸಿ, ಸುಮ್ನೆ ಮೀನು ಕೊಯ್ದು ಕೊಟ್ಟರು. ನನ್ನ ಲೆಕ್ಕದಲ್ಲಿ ಆ ತಮಾಷೆ, ಈ ಮಣೆ ಎರಡೂ ಒಂದೇ ಗುಣ. ಎದುರಿಗಿದ್ದವರ ಭಾರ ಒಂಚೂರು ಇಳಿಸುವುದು, ನಮ್ಮ ಸಿಡಿಮಿಡಿಯನ್ನು ಅವರ ತಲೆಗೆ ಕಟ್ಟದೆ ಇರುವುದು.

ಭಗವದ್ಗೀತೆಯ 17ನೇ ಅಧ್ಯಾಯದಲ್ಲಿ ಮನಸ್ಸಿನ ತಪಸ್ಸು ಯಾವುದು ಅಂತ ಹೇಳುವಾಗ ಮೊದಲು ಬರುವುದೇ ಮನಃಪ್ರಸಾದ, ಅಂದರೆ ಮನಸ್ಸು ತಿಳಿಯಾಗಿರುವುದು. ತಪಸ್ಸು ಅಂದಮೇಲೆ ಹುಟ್ಟಿನಿಂದಲೇ ಬರಬೇಕೆಂದಿಲ್ಲ, ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಕೊಳ್ಳಬಹುದು. ನಿನಗೆ ಖುಷಿಯಾಗುವ ವಿಷಯ ಬೇರೆಯೇ ಇದೆ, ಅದೇ ಶ್ಲೋಕದಲ್ಲಿ ಮೌನವೂ ಸೇರಿದೆ! ಹಾಗಾಗಿ ಬಂದವರೆದುರು ಕಿಲಕಿಲ ನಗಬೇಕಾಗಿಲ್ಲ, ಮುಖ ನೋಡಿ ‘ಆಸರಿಗೆ (ಕುಡಿಯಲು) ಏನು ಬೇಕು?’ ಅಂತ ಕೇಳಿದರೂ ಆಯಿತು.

ಒಂದು ಮಾತು ಮಾತ್ರ ಗಂಭೀರವಾಗಿ ಕೇಳುತ್ತೇನೆ. ಎರಡು ಮೂರು ವಾರದಿಂದ ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಿದೆಯಾ? ಹಾಗಿದ್ದರೆ ಇದು ಗುಣದ ಪ್ರಶ್ನೆಯೇ ಅಲ್ಲ, ಡಾಕ್ಟರ ಹತ್ತಿರ ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಬರೀ ದಣಿವಾದರೆ ಅತ್ತೆಗೆ ಹಾಗಂತಲೇ ಹೇಳಿಬಿಡು. ‘ಇವತ್ತು ತಲೆನೋವು, ಅದಕ್ಕೇ ಹೀಗೆ’ ಅಂದರೆ ಅವರೇ ಒಂದು ಲೋಟ ಕಷಾಯ ಮಾಡಿ ಕೊಟ್ಟರೂ ಕೊಟ್ಟಾರು.