1969ರ ಕ್ಯಾಮರೋಗೆ 17 ಇಂಚಿನ ಚಕ್ರ ಹಾಕಬಹುದೇ, ಎಲ್ಲಿ ಉಜ್ಜುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿರುವುದು 1969ರ ಷೆವ್ರೊಲೆ ಕ್ಯಾಮರೋ ಎಸ್‌ಎಸ್ (ಸೂಪರ್ ಸ್ಪೋರ್ಟ್). ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕು. ಈಗಿರುವ 14 ಇಂಚಿನ ರ‍್ಯಾಲಿ ಚಕ್ರ ಬಿಚ್ಚಿಟ್ಟು 17 ಅಥವಾ 18 ಇಂಚಿನದು ಹಾಕಿದರೆ ಎಲ್ಲಿ ತಾಗುತ್ತದೆ, ಹಿಂದೆ ಎಷ್ಟು ಅಗಲದ ಟಯರ್ ಹಿಡಿಸುತ್ತದೆ, ಬಾಡಿ ಕತ್ತರಿಸದೆ ಆಗುತ್ತದೆಯೇ.

ಕತ್ತರಿಸದೆ ಆಗುತ್ತದೆ. ಈ ಕಾರಿನವರು ಹೆಚ್ಚಾಗಿ ಬಂದು ನಿಲ್ಲುವ ಅಳತೆ ಮುಂದೆ 17x8 ರಿಮ್ಮಿಗೆ (17 ಇಂಚು ವ್ಯಾಸ, 8 ಇಂಚು ಅಗಲ) 235/45 ಆರ್17 ಟಯರ್ (ಅಗಲ 235 ಮಿ.ಮೀ., ಗೋಡೆಯ ಎತ್ತರ ಅದರ ಶೇ. 45, ರಿಮ್ 17 ಇಂಚು), ಹಿಂದೆ 17x9.5 ರಿಮ್ಮಿಗೆ 275/40 ಆರ್17. ಬ್ಯಾಕ್‌ಸ್ಪೇಸಿಂಗ್ (ರಿಮ್ಮಿನ ಒಳ ಅಂಚಿನಿಂದ ಅದು ಬೋಲ್ಟಿಗೆ ಕೂರುವ ಮುಖದವರೆಗಿನ ಆಳ) ಮುಂದೆ ಸುಮಾರು 4.75 ಇಂಚು, ಹಿಂದೆ ಸುಮಾರು 5.5 ಇಂಚು. ಆದರೆ ಇದನ್ನು ಓದಿದ ಕೂಡಲೇ ಆರ್ಡರ್ ಹಾಕಬೇಡಿ. ಐವತ್ತು ವರ್ಷ ದಾಟಿದ ಬಾಡಿ ಇದು. ಫ್ಯಾಕ್ಟರಿಯಿಂದ ಬರುವಾಗಲೇ ಎಡಕ್ಕೂ ಬಲಕ್ಕೂ ಒಂದಿಷ್ಟು ವ್ಯತ್ಯಾಸ ಇರುತ್ತಿತ್ತು. ನಡುವೆ ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಸುತ್ತಲಿನ ಬಾಡಿ ತಗಡು) ಬದಲಾಗಿರಬಹುದು, ಬೇರೆ ಆಕ್ಸಲ್ ಕೂರಿಸಿರಬಹುದು. ಇನ್ನೊಬ್ಬರ ಕ್ಯಾಮರೋದಲ್ಲಿ ಸಲೀಸಾಗಿ ಕೂತ ಚಕ್ರ ನಿಮ್ಮದರಲ್ಲಿ ಬಲಗಡೆ ಮಾತ್ರ ಉಜ್ಜಿದರೆ ಆಶ್ಚರ್ಯವಿಲ್ಲ. ಮೊದಲು ನಿಮ್ಮ ಕಾರನ್ನು ಅಳೆಯಿರಿ, ಆಮೇಲೆ ರಿಮ್ ಕೊಳ್ಳಿ.

14 ಹೋಗಿ 17 ಬಂದರೆ ಚಕ್ರ ಮೂರು ಇಂಚು ಎತ್ತರವಾಗುತ್ತದೆ ಎಂಬ ಭಯ ಬೇಡ. ಆ ಸಂಖ್ಯೆ ರಿಮ್ಮಿನದು ಮಾತ್ರ. ಎಸ್‌ಎಸ್ ಜೊತೆ ಬಂದ ಎಫ್70-14 ಟಯರಿಗೆ (ಅದು ಆ ಕಾಲದ ಅಳತೆಯ ಹೆಸರು) ಹತ್ತಿರದ ಇಂದಿನ ಅಳತೆ 225/70 ಆರ್14. ಅದರ ಒಟ್ಟು ವ್ಯಾಸ 26.4 ಇಂಚು. 275/40 ಆರ್17ರದು 25.7, 235/45 ಆರ್17ರದು 25.3. ಅಂದರೆ ಹೊಸ ಟಯರ್ ಸ್ವಲ್ಪ ಗಿಡ್ಡವೇ ಆಯಿತು. ಲೆಕ್ಕ ಸುಲಭ: ಟಯರ್ ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿದರೆ ಒಂದು ಬದಿಯ ಗೋಡೆಯ ಎತ್ತರ ಮಿಲಿಮೀಟರಿನಲ್ಲಿ ಸಿಗುತ್ತದೆ. ಅದನ್ನು ಎರಡು ಪಟ್ಟು ಮಾಡಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ; ಬಂದದ್ದನ್ನು 25.4ರಿಂದ ಭಾಗಿಸಿದರೆ ವ್ಯಾಸ ಇಂಚಿನಲ್ಲಿ ಸಿಗುತ್ತದೆ. ಜಾಗ ತಿನ್ನುವುದು ಎತ್ತರವಲ್ಲ, ಅಗಲ. ಆ ಅಗಲದಲ್ಲಿ ಎಷ್ಟು ಒಳಕ್ಕೆ ಹೋಗುತ್ತದೆ, ಎಷ್ಟು ಹೊರಕ್ಕೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಬ್ಯಾಕ್‌ಸ್ಪೇಸಿಂಗ್.

ರಿಮ್ಮನ್ನು ಮುಖ ಕೆಳಗಾಗಿ ನೆಲಕ್ಕೆ ಮಲಗಿಸಿ, ಮೇಲೆ ಬಂದ ಒಳ ಅಂಚಿನ ಮೇಲೆ ನೇರವಾದ ಪಟ್ಟಿ ಅಡ್ಡ ಇಡಿ. ಪಟ್ಟಿಯಿಂದ ಕೆಳಗೆ ಡ್ರಮ್ಮಿಗೆ ಕೂರುವ ಮುಖದವರೆಗಿನ ಆಳವೇ ಬ್ಯಾಕ್‌ಸ್ಪೇಸಿಂಗ್. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. 9.5 ಇಂಚಿನ ರಿಮ್ ಎಂದರೆ ಟಯರ್ ಕೂರುವ ಒಂದು ಅಂಚಿನಿಂದ ಇನ್ನೊಂದಕ್ಕೆ 9.5, ಹೊರ ತುಟಿಗಳನ್ನೂ ಸೇರಿಸಿದರೆ ಒಟ್ಟು ಸುಮಾರು 10.5. ಆ ಒಂದು ಇಂಚು ಮರೆತರೆ ಲೆಕ್ಕವೆಲ್ಲ ಅರ್ಧರ್ಧ ಇಂಚು ತಪ್ಪುತ್ತದೆ, ಈ ಕಾರಿನಲ್ಲಿ ಅರ್ಧ ಇಂಚೇ ಎಲ್ಲ.

17x9.5, 5.5 ಬ್ಯಾಕ್‌ಸ್ಪೇಸಿಂಗ್, 275 ಟಯರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಿಮ್ ಡ್ರಮ್ ಮುಖದಿಂದ ಒಳಕ್ಕೆ 5.5, ಹೊರಕ್ಕೆ 5 ಇಂಚು. ಟಯರ್ ಅಗಲ 275 ಮಿ.ಮೀ., ಅಂದರೆ 10.83 ಇಂಚು, ರಿಮ್ಮಿಗಿಂತ ಎರಡೂ ಬದಿ ಸುಮಾರು 0.16 ಇಂಚು ಉಬ್ಬುತ್ತದೆ. ಹಾಗಾಗಿ ರಬ್ಬರ್ ಒಳಕ್ಕೆ 5.66, ಹೊರಕ್ಕೆ 5.16. ಇದರ ಮೇಲೆ ಒಳಗಡೆ ಅರ್ಧ ಇಂಚು, ಹೊರಗಡೆ ಕನಿಷ್ಠ 3/8 ಇಂಚು ಖಾಲಿ ಜಾಗ ಬೇಕು. ಏಕೆಂದರೆ ತಿರುವಿನಲ್ಲಿ ಟಯರಿನ ಗೋಡೆ ಬಾಗುತ್ತದೆ, ಲೀಫ್ ಸ್ಪ್ರಿಂಗಿನ ರಬ್ಬರ್ ಬುಷ್ ಹಿಸುಕಿ ಆಕ್ಸಲ್ ಇಡಿಯಾಗಿ ಪಕ್ಕಕ್ಕೆ ಜರುಗುತ್ತದೆ. ನಿಮ್ಮ ಕಾರಿನಲ್ಲಿ ಡ್ರಮ್ ಮುಖದಿಂದ ಒಳಕ್ಕೆ 6.2, ಹೊರಕ್ಕೆ 5.55 ಇಂಚು ಸಿಕ್ಕರೆ ಈ ಜೋಡಿ ಕೂರುತ್ತದೆ. ಸಿಗದಿದ್ದರೆ 17x9 ರಿಮ್ಮಿಗೆ 255/45ಕ್ಕೆ ಇಳಿಯಿರಿ. ನೋಡಲು ದೊಡ್ಡ ವ್ಯತ್ಯಾಸವಿಲ್ಲ, ನೆಮ್ಮದಿ ಬಹಳ. 275ಕ್ಕಿಂತ ಅಗಲ ಬೇಕೆಂದರೆ ಒಳಗಿನ ವೀಲ್‌ಹೌಸ್ (ಚಕ್ರ ಕೂರುವ ತಗಡಿನ ಗೂಡು) ಕತ್ತರಿಸಿ ಅಗಲಿಸುವ ಮಿನಿಟಬ್ ಕೆಲಸಕ್ಕೆ ಇಳಿಯಬೇಕು. ನೀವೇ ಬೇಡವೆಂದಿದ್ದೀರಿ, ಅಲ್ಲಿಗೆ ಬಿಡೋಣ.

ಹಿಂಬದಿ ಅಳೆಯುವಾಗ ಕಾರನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡನ್ನು ಬಾಡಿಯ ಕೆಳಗೆ ಇಡಬೇಡಿ, ಆಕ್ಸಲ್ ಟ್ಯೂಬಿನ ಕೆಳಗೆ ಇಡಿ. ಬಾಡಿಯ ಕೆಳಗೆ ಇಟ್ಟರೆ ಆಕ್ಸಲ್ ಜೋತುಬಿದ್ದು ಇಲ್ಲದ ಜಾಗ ತೋರಿಸುತ್ತದೆ. ಮುಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಹಿಂದಿನ ಚಕ್ರ ಬಿಚ್ಚಿ, ಡ್ರಮ್ ಹಾಗೇ ಇರಲಿ. ರಿಮ್ ಕೂರುವುದು ಅದರ ಮುಖದ ಮೇಲೆಯೇ. ಡ್ರಮ್ ಮುಖಕ್ಕೆ ಉದ್ದನೆಯ ನೇರ ಪಟ್ಟಿ ಹಿಡಿದು ಒಳಗಡೆ ಲೀಫ್ ಸ್ಪ್ರಿಂಗಿಗೆ ಮತ್ತು ವೀಲ್‌ಹೌಸ್ ಗೋಡೆಗೆ, ಹೊರಗಡೆ ಕ್ವಾರ್ಟರ್ ಪ್ಯಾನೆಲ್ಲಿನ ಒಳಮಡಿಕೆಗೆ ಅಳೆಯಿರಿ. ಮುಂದೆ, ಮೇಲೆ, ಹಿಂದೆ, ಮೂರು ಕಡೆ ಅಳೆದು ಬರೆದುಕೊಳ್ಳಿ. ಎರಡೂ ಬದಿ ಅಳೆಯಿರಿ. ಎಡಬಲ ಕಾಲು ಇಂಚಿಗಿಂತ ಹೆಚ್ಚು ಬೇರೆ ಬಂದರೆ ಸ್ಪ್ರಿಂಗ್ ಬುಷ್, ಸೆಂಟರ್ ಬೋಲ್ಟ್, ಯು-ಬೋಲ್ಟುಗಳನ್ನು ಮೊದಲು ನೋಡಿ. ಆಕ್ಸಲ್ಲಿನಿಂದ ಬಂಪ್‌ಸ್ಟಾಪಿಗೆ (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರ್) ಎಷ್ಟು ಅಂತರವಿದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಗುಂಡಿಗೆ ಬಿದ್ದಾಗ ಟಯರ್ ಅಷ್ಟು ಮೇಲೇರುತ್ತದೆ.

ಮುಂಬದಿಯೇ ಹೆಚ್ಚು ಕಷ್ಟ, ಅಲ್ಲಿ ಚಕ್ರ ಮೇಲೆ ಕೆಳಗೆ ಹೋಗುವುದರ ಜೊತೆಗೆ ತಿರುಗುತ್ತದೆ ಕೂಡ. ಟಯರ್ ಮೂರು ಕಡೆ ತಾಗಬಹುದು: ಗುಂಡಿಗೆ ಇಳಿದಾಗ ಹೊರ ಅಂಚು ಫೆಂಡರ್ ಮಡಿಕೆಗೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಫೆಂಡರಿನ ಹಿಂದಿನ ಕೆಳಮೂಲೆಗೆ, ಆಗಲೇ ಇನ್ನೊಂದು ಬದಿಯಲ್ಲಿ ಒಳ ಅಂಚು ಸಬ್‌ಫ್ರೇಮಿಗೆ (ಎಂಜಿನ್ನನ್ನೂ ಮುಂದಿನ ಚಕ್ರಗಳನ್ನೂ ಹೊತ್ತ ಚೌಕಟ್ಟು) ಅಥವಾ ಸ್ವೇಬಾರಿಗೆ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು). ಸರಿಯಾಗಿ ನೋಡಬೇಕಾದರೆ ಕಾಯಿಲ್ ಸ್ಪ್ರಿಂಗ್ ತೆಗೆದು, ಚಕ್ರ ಹಾಕಿ, ಕೆಳಗಿನ ಕಂಟ್ರೋಲ್ ಆರ್ಮಿಗೆ (ಚಕ್ರವನ್ನು ಫ್ರೇಮಿಗೆ ಜೋಡಿಸುವ ತೋಳು) ಜಾಕ್ ಕೊಟ್ಟು ಬಂಪ್‌ಸ್ಟಾಪಿನವರೆಗೂ ಏರಿಸಿ, ಪ್ರತಿ ಎತ್ತರದಲ್ಲೂ ಸ್ಟೀರಿಂಗನ್ನು ಎರಡೂ ಕಡೆ ಕೊನೆ ಮುಟ್ಟಿಸಬೇಕು. ಸ್ಪ್ರಿಂಗ್ ಬಿಚ್ಚುವಾಗ ಕಂಪ್ರೆಸರ್ ಕಡ್ಡಾಯ, ಜೊತೆಗೆ ಸ್ಪ್ರಿಂಗನ್ನು ಫ್ರೇಮಿಗೆ ಸರಪಳಿಯಿಂದ ಬಿಗಿಯಿರಿ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ. ಈ ಕೆಲಸ ಅಭ್ಯಾಸವಿಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ.

ಕ್ಯಾಮರೋದ ವಿಶೇಷ ಇನ್ನೊಂದಿದೆ. ಮುಂಭಾಗದ ಸಬ್‌ಫ್ರೇಮ್ ಬಾಡಿಗೆ ಬೆಸುಗೆಯಾಗಿಲ್ಲ, ರಬ್ಬರ್ ಬುಷ್ ನಡುವೆ ಇಟ್ಟು ಬೋಲ್ಟಿನಲ್ಲಿ ನಿಂತಿದೆ. ಬುಷ್ ಸವೆದಿದ್ದರೆ ಸಬ್‌ಫ್ರೇಮ್ ಒಂದು ಪಕ್ಕಕ್ಕೆ ಜರುಗಿರುತ್ತದೆ. ಆಗ ಎಡ ಟಯರ್ ಫೆಂಡರಿಗೆ ತಾಗುತ್ತದೆ, ಬಲಗಡೆ ಬೆರಳು ತೂರಿಸುವಷ್ಟು ಜಾಗ. ಇದನ್ನು ಸರಿಮಾಡದೆ ಫೆಂಡರ್ ಬಡಿಯಲು ಹೋಗಬೇಡಿ. ಹಾಗೆಯೇ ದೊಡ್ಡ ಡಿಸ್ಕ್ ಕಿಟ್ ಅಥವಾ ಕಾರು ತಗ್ಗಿಸುವ ಸ್ಪಿಂಡಲ್ ಹಾಕುವ ಯೋಚನೆಯಿದ್ದರೆ ಅದು ಮೊದಲು ಮುಗಿಯಲಿ. ಕೆಲವು ಕಿಟ್‌ಗಳು ಹಬ್ಬನ್ನು ಹೊರಕ್ಕೆ ತಳ್ಳುತ್ತವೆ, ನಿಮ್ಮ ಅಳತೆ ಹಾಳಾಗುತ್ತದೆ. ಬ್ರೇಕು, ಬುಷ್, ಕಾರಿನ ಎತ್ತರ ಎಲ್ಲ ನಿಂತ ಮೇಲೆಯೇ ಅಳತೆ.

18 ಇಂಚಿನ ಬಗ್ಗೆ ಕೇಳಿದ್ದೀರಿ. 18x8ಕ್ಕೆ 235/40, 18x9.5ಕ್ಕೆ 275/35 ಹಾಕಿದರೆ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆದರೂ ನನ್ನ ಆಯ್ಕೆ 17. ನಿಮ್ಮ 14 ಇಂಚಿನ ಟಯರಿನ ಗೋಡೆ ಸುಮಾರು 157 ಮಿ.ಮೀ.; ಮುಂದೆ 17ಕ್ಕೆ ಅದು 106, 18ಕ್ಕೆ 94. ಹಳೆಯ ಸಸ್ಪೆನ್ಷನ್ ಮೇಲೆ ಆ ಹನ್ನೆರಡು ಮಿಲಿಮೀಟರ್ ಪ್ರತಿ ಗುಂಡಿಯಲ್ಲೂ ಗೊತ್ತಾಗುತ್ತದೆ. ಬಾಡಿಯ ಗೆರೆಗಳಿಗೂ 17 ಚೆನ್ನಾಗಿ ಒಪ್ಪುತ್ತದೆ. ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕಿನ ಭಾಗ) ಹಾಕುವವರಿಗೆ ಮಾತ್ರ 18ಕ್ಕೆ ನಿಜವಾದ ಕಾರಣವಿದೆ.

ಹಿಂದಿನ ಮಡಿಕೆಯನ್ನು ಬಗ್ಗಿಸುವುದು ಬಹುತೇಕ ಬೇಕಾಗುತ್ತದೆ. ಕ್ವಾರ್ಟರ್ ಪ್ಯಾನೆಲ್ ಮತ್ತು ಹೊರ ವೀಲ್‌ಹೌಸ್ ಕೂಡುವ ಅಂಚು ಒಳಕ್ಕೆ ಚಾಚಿರುತ್ತದೆ; ಗುಂಡಿಯಲ್ಲಿ ಟಯರನ್ನು ಚಾಕುವಿನಂತೆ ಸೀಳುವುದು ಅದೇ. ಹಬ್ಬಿಗೆ ಬಿಗಿಯುವ ಫೆಂಡರ್ ರೋಲರ್ ಬಳಸಿ. ಹೀಟ್‌ಗನ್ನಿನಿಂದ ಪೇಂಟನ್ನು ಬೆಚ್ಚಗೆ ಮಾಡುತ್ತಾ, ನಾಲ್ಕೈದು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಮಡಿಸಿ. ಒಂದೇ ಸಲಕ್ಕೆ ಒತ್ತಿದರೆ ಪೇಂಟ್ ಬಿರಿಯುತ್ತದೆ, ಹೊರಗಿನ ಕಮಾನಿನ ಗೆರೆಯೂ ಅಲೆ ಅಲೆಯಾಗುತ್ತದೆ. ಮೊದಲು ಒಂದು ಅಯಸ್ಕಾಂತವನ್ನು ಅಂಚಿನುದ್ದಕ್ಕೂ ಆಡಿಸಿ ನೋಡಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪೇಂಟಿನಡಿ ದಪ್ಪ ಪುಟ್ಟಿ ಇದೆ. ಅದು ಬಾಗುವುದಿಲ್ಲ, ಉದುರುತ್ತದೆ. ಅಂಥ ಕಡೆ ರೋಲರ್ ಹಾಕುವ ಬದಲು ಟಯರ್ ಅಗಲ ಕಡಿಮೆ ಮಾಡಿ. ಮಡಿಸಿದ ಮೇಲೆ ಬಿಟ್ಟುಕೊಂಡ ಸಂದಿಗೆ ಸೀಲರ್ ತುಂಬಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ರಿಮ್ ಕೊಳ್ಳುವಾಗ ಬೋಲ್ಟ್ ವೃತ್ತ (ಐದು ಬೋಲ್ಟುಗಳು ನಿಲ್ಲುವ ವೃತ್ತದ ವ್ಯಾಸ) 5x4.75 ಇಂಚು, ಅಂದರೆ 120.65 ಮಿ.ಮೀ. ಇರಬೇಕು. ಬಿಎಂಡಬ್ಲ್ಯೂ ಕಾರುಗಳ 5x120 ರಿಮ್ ಅಗ್ಗಕ್ಕೆ ಸಿಗುತ್ತದೆ, ಸ್ಟಡ್ಡಿನ (ಚಕ್ರದ ನಟ್ಟು ಕೂರುವ ಬೋಲ್ಟು) ಮೇಲೆ ಕೂತಂತೆಯೂ ಕಾಣುತ್ತದೆ. ಬೇಡ. ನಟ್ಟಿನ ಶಂಕು ರಂಧ್ರದ ಮಧ್ಯಕ್ಕೆ ಬರುವುದಿಲ್ಲ, ಓಡಿಸುತ್ತಾ ಸಡಿಲವಾಗುತ್ತದೆ. ಮುಂದಿನ ಹಬ್ಬಿನ ಗ್ರೀಸ್ ಕ್ಯಾಪ್ ರಿಮ್ಮಿನ ನಡುವಿನಿಂದ ಹೊರಕ್ಕೆ ಚಾಚುತ್ತದೆ. ಹೊಸ ರಿಮ್ಮಿನ ಮಧ್ಯದ ಮುಚ್ಚಳ ಅದಕ್ಕೆ ಜಾಗ ಕೊಡುತ್ತದೆಯೇ ಎಂದು ವಿಚಾರಿಸಿ.

ಕೂರಿಸುವ ಮುಂಚೆ ಡ್ರಮ್ ಮತ್ತು ಡಿಸ್ಕ್ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸ್ಟಡ್ಡಿಗೆ ಸಿಕ್ಕಿಸಿದ ತೆಳು ಕ್ಲಿಪ್ಪು ಉಳಿದಿದ್ದರೆ ಅದನ್ನೂ ಕಿತ್ತುಹಾಕಿ. ರಿಮ್ ಸಪಾಟಾಗಿ ಕೂರದಿರಲು ಅಷ್ಟು ಸಾಕು. ಸ್ಟಡ್ 7/16-20, ಅಂದರೆ ವ್ಯಾಸ 7/16 ಇಂಚು, ಇಂಚಿಗೆ 20 ಸುತ್ತು. ನಟ್ಟು ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದ ಹಿಡಿಯಬೇಕು, ಎಂದರೆ ಕೈಯಿಂದ ಒಂಬತ್ತು ಪೂರ್ತಿ ಸುತ್ತು. ಅಲಾಯ್ ರಿಮ್ಮಿನ ಮುಖ ದಪ್ಪ, ಹಾಗಾಗಿ ಆರೇಳು ಸುತ್ತಿಗೇ ನಿಂತರೆ ಉದ್ದದ ಸ್ಟಡ್ ಒತ್ತಿಸಿಕೊಳ್ಳಿ. ಸ್ಪೇಸರ್ ತೂರಿಸಿ ತಪ್ಪಾದ ಬ್ಯಾಕ್‌ಸ್ಪೇಸಿಂಗ್ ಸರಿಮಾಡುವ ಯೋಚನೆ ಬೇಡ, ಅದು ಇದೇ ಸುತ್ತುಗಳನ್ನು ಕದಿಯುತ್ತದೆ. ನಟ್ಟಿನ ಆಕಾರ ರಿಮ್ಮಿಗೆ ಹೊಂದಬೇಕು: ಶಂಕುವಿನ ರಂಧ್ರಕ್ಕೆ ಶಂಕುವಿನ ನಟ್ಟು, ನೇರ ರಂಧ್ರಕ್ಕೆ ವಾಷರ್ ಸಮೇತ ಉದ್ದ ಕತ್ತಿನ ನಟ್ಟು. ಒಂದನ್ನು ಬಿಟ್ಟು ಒಂದರಂತೆ, ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ವ್ರೆಂಚಿನಿಂದ 70ರಿಂದ 75 ಪೌಂಡ್-ಅಡಿ. ಸುಮಾರು 95ರಿಂದ 100 ನ್ಯೂಟನ್-ಮೀಟರ್. ರಿಮ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಇಂಪ್ಯಾಕ್ಟ್ ಗನ್ನಿನಿಂದ ಬಿಗಿಸಲು ಬಿಡಬೇಡಿ.

ನಂತರ ಅಲೈನ್‌ಮೆಂಟ್. ಕಾರಿನ ಹಳೆಯ ಪುಸ್ತಕದಲ್ಲಿರುವ ಅಂಕಿಗಳು ಆ ಕಾಲದ ಬಯಸ್-ಪ್ಲೈ (ಒಳಪದರದ ನೂಲು ಓರೆಯಾಗಿರುವ) ಟಯರಿನವು. ಅದನ್ನೇ ಕೊಟ್ಟರೆ ಇಂದಿನ ಅಗಲದ ರೇಡಿಯಲ್ ಟಯರ್ ರಸ್ತೆಯ ಗೆರೆಗಳ ಹಿಂದೆ ಅಲೆದಾಡುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಪ್ಲಸ್ 3 ಡಿಗ್ರಿಯಾದರೂ ಕೇಳಿ, ಮೇಲಿನ ಆರ್ಮ್ ಬದಲಾಗಿದ್ದರೆ 5ರವರೆಗೆ ಸಿಗುತ್ತದೆ. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೈನಸ್ ಅರ್ಧ ಡಿಗ್ರಿ, ಟೋ-ಇನ್ (ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಒಟ್ಟು 1/16ರಿಂದ 1/8 ಇಂಚು. ಕ್ಯಾಸ್ಟರ್ ಹೆಚ್ಚಿದಂತೆ ಚಕ್ರ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಫೆಂಡರಿನ ಹಿಂಮೂಲೆಯನ್ನು ಆಮೇಲೆ ಮತ್ತೊಮ್ಮೆ ನೋಡಿ. ಪವರ್ ಸ್ಟೀರಿಂಗ್ ಇಲ್ಲದಿದ್ದರೆ ಪಾರ್ಕಿಂಗ್ ಮಾಡುವಾಗ ತೋಳಿಗೆ ಭಾರ ಗೊತ್ತಾಗುತ್ತದೆ.

ಹಿಂದಿನ ಟಯರ್ ಗಿಡ್ಡವಾದ್ದರಿಂದ ಸ್ಪೀಡೋಮೀಟರ್ ಸುಮಾರು ಶೇ. 3 ಹೆಚ್ಚು ತೋರಿಸುತ್ತದೆ: 60 ಮೈಲಿ ಎಂದಾಗ ನಿಜ 58. ಗೇರ್‌ಬಾಕ್ಸಿನ ಸ್ಪೀಡೋ ಗೇರಿಗೆ 20 ಹಲ್ಲಿದ್ದರೆ ಬೇಕಾಗುವುದು 20.5, ಅದಕ್ಕಾಗಿ ಬಿಚ್ಚುವ ಶ್ರಮ ಬೇಡ.

ಮೊದಲ ಓಟಕ್ಕೆ ಮುನ್ನ ಫೆಂಡರ್ ಮಡಿಕೆಗಳಿಗೂ ಸಬ್‌ಫ್ರೇಮಿಗೂ ಬಿಳಿ ಮಾಸ್ಕಿಂಗ್ ಟೇಪ್ ಅಂಟಿಸಿ. ಹಿಂದಿನ ಸೀಟಿಗೆ ಇಬ್ಬರನ್ನು ಕೂರಿಸಿ, ಹಂಪ್ ಇರುವ ರಸ್ತೆಯಲ್ಲಿ ನಿಧಾನವಾಗಿ, ಆಮೇಲೆ ಇಳಿಜಾರಿನ ಗೇಟಿಗೆ ಓರೆಯಾಗಿ ಹತ್ತಿಸಿ. ಟೇಪಿನ ಮೇಲೆ ಕಪ್ಪು ಗುರುತು ಬಿದ್ದ ಕಡೆಯೇ ಇನ್ನೊಂದು ಸುತ್ತು ರೋಲರ್ ಬೇಕಿರುವ ಜಾಗ. 50ರಿಂದ 100 ಮೈಲಿ ಓಡಿಸಿದ ಮೇಲೆ ಚಕ್ರ ತಣ್ಣಗಿರುವಾಗ ಎಲ್ಲ ಇಪ್ಪತ್ತು ನಟ್ಟಿಗೂ ಟಾರ್ಕ್ ವ್ರೆಂಚ್ ಮತ್ತೆ ಹಾಕಿ.