ದ್ವೇಷಕ್ಕೊಂದು ರಾಗ ಇದೆಯಾ, ಟೀಚರ್?

ಹಾಸನದಿಂದ ಸಂಗೀತದ ಟೀಚರೊಬ್ಬರು ಪತ್ರ ಬರೆದಿದ್ದಾರೆ. ಹೋದ ತಿಂಗಳ ನಮ್ಮ ‘ಪ್ರೀತಿ–ದ್ವೇಷ’ ಸಂಚಿಕೆ ಅವರಿಗೆ ಹಿಡಿಸಿಲ್ಲ. ಪತ್ರದ ಮುಖ್ಯ ಮಾತು ಇಷ್ಟು: “ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದೀರಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ದ್ವೇಷಕ್ಕೆ ಅಂತ ಒಂದು ರಾಗ ಇರುವುದು ನನಗೆ ಗೊತ್ತಿಲ್ಲ. ದ್ವೇಷದಿಂದ ಹುಟ್ಟಿದ ಒಂದೇ ಒಂದು ಒಳ್ಳೆ ಹಾಡು ತೋರಿಸಿ ನೋಡೋಣ. ಮುಖಪುಟದಲ್ಲಿ ವಜ್ರಮುನಿ ಕಣ್ಣು ಬಿಟ್ಟುಕೊಂಡು ನಿಂತಿರುವ ಪತ್ರಿಕೆಯನ್ನು ಮೊಮ್ಮಗಳ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.”

ಟೀಚರ್, ನಮಸ್ಕಾರ.

ಮೊದಲು ವಜ್ರಮುನಿ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಆ ಫೋಟೊ ಆರಿಸಿದ್ದು ನಾನೇ. ನಮ್ಮಜ್ಜಿ ಟೆಂಟಿನಲ್ಲಿ ‘ಸಂಪತ್ತಿಗೆ ಸವಾಲ್’ ನೋಡಿದವರು. ವಜ್ರಮುನಿಯ ಸಾಹುಕಾರ ಸಿದ್ದಪ್ಪ ಪರದೆ ಮೇಲೆ ಬಂದಾಗೆಲ್ಲ ನೆಟಿಗೆ ಮುರಿದು, ನಿನ್ನ ಮನೆ ಹಾಳಾಗ ಅಂತ ಗಟ್ಟಿಯಾಗಿ ಬಯ್ಯುತ್ತಿದ್ದರಂತೆ. ಸುಮ್ನಿರಜ್ಜಿ, ಸಿನಿಮಾ ಅದು ಅಂದವರಿಗೂ ಅದರಲ್ಲಿ ಒಂದು ಪಾಲು ಸಿಗುತ್ತಿತ್ತು. 2006ರಲ್ಲಿ ವಜ್ರಮುನಿ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ಅದೇ ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ಅವರು ಬಯ್ದಿದ್ದೆಲ್ಲ ರಾಜ್‌ಕುಮಾರ್ ಮೇಲಿನ ಪ್ರೀತಿಗೆ, ಅಷ್ಟೇ. ಅದು ವಜ್ರಮುನಿಗೂ ಗೊತ್ತಿದ್ದಿರಬೇಕು. ಅದಕ್ಕೇ ಆ ಫೋಟೊ.

ಇನ್ನು ನಿಮ್ಮ ಸವಾಲು. ಪತ್ರ ಓದಿದ ಕೂಡಲೇ ಉತ್ತರ ಜೇಬಿನಲ್ಲೇ ಇದೆ ಅಂದುಕೊಂಡೆ. 1977ರ ‘ಬಬ್ರುವಾಹನ’ ಚಿತ್ರದ ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’. ಅಪ್ಪ ಮಗ ಯುದ್ಧಕ್ಕೆ ನಿಂತು ಒಬ್ಬರನ್ನೊಬ್ಬರು ಹೀಯಾಳಿಸುವ ಹಾಡು. ಅದಕ್ಕಿಂತ ಖಾರವಾದ ಹಾಡು ಕನ್ನಡದಲ್ಲಿ ಇನ್ನೊಂದಿದೆಯಾ? ನಿನ್ನ ಶೌರ್ಯವೆಲ್ಲ ಕೃಷ್ಣ ಹಾಕಿದ ಭಿಕ್ಷೆ ಅಂತ ಮಗ ಅಪ್ಪನ ಮುಖಕ್ಕೇ ಹೇಳುತ್ತಾನೆ. ಬಯ್ಯಿಸಿಕೊಳ್ಳುತ್ತಿರುವವನು ಅರ್ಜುನ ಅನ್ನುವುದು ನೆನಪಿರಲಿ.

ನಿಮಗೆ ಬರೆಯುವ ಮೊದಲು ಅದನ್ನು ಇನ್ನೊಮ್ಮೆ ಕೇಳಿದೆ. ಅಲ್ಲೇ ಎಡವಟ್ಟಾಯಿತು. ಈ ಜಗಳಕ್ಕೆ ಮುಂಚೆ ಏನಾಗಿತ್ತು? ಅಶ್ವಮೇಧದ ಕುದುರೆ ಕಟ್ಟಿದ ಮಗ, ಬಂದವನು ತನ್ನ ಅಪ್ಪ ಅಂತ ಗೊತ್ತಾದ ತಕ್ಷಣ ಕಾಣಿಕೆ ಹಿಡಿದು ಕಾಲಿಗೆ ಬೀಳಲು ಹೋಗಿದ್ದ. ಹುಟ್ಟಿದಾಗಿನಿಂದ ಕಾದಿದ್ದ ಅಪ್ಪ. ಆ ಅಪ್ಪ ಅವನನ್ನು ತಳ್ಳಿ, ತಾಯಿ ಚಿತ್ರಾಂಗದೆಯ ಶೀಲದ ಮೇಲೇ ಮಾತಾಡಿಬಿಟ್ಟ. ಆಮೇಲೆ ಬಂದದ್ದು ಈ ಹಾಡು. ಒಂದು ದನಿ ಸ್ವತಃ ರಾಜ್‌ಕುಮಾರ್ ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು, ಅಂದರೆ ಎಷ್ಟೋ ವರ್ಷ ರಾಜ್‌ಕುಮಾರ್ ಅವರ ಹಾಡಿನ ದನಿಯೇ ಆಗಿದ್ದವರದು. ಪರದೆ ಮೇಲೆ ಎರಡೂ ಮುಖ ರಾಜ್‌ಕುಮಾರ್. ನಮ್ಮ ಕಿವಿಗೆ ಎರಡೂ ದನಿ ರಾಜ್‌ಕುಮಾರ್. ಇದನ್ನು ದ್ವೇಷದ ಹಾಡು ಅಂತ ಯಾವ ಬಾಯಲ್ಲಿ ಹೇಳಲಿ? ಅಪ್ಪ ಬೇಕಿತ್ತು, ಸಿಗಲಿಲ್ಲ ಅನ್ನುವ ಹುಡುಗನ ಹಾಡು ಅದು.

ಸರಿ, ಅದು ಹೋಯಿತು. ‘ನಾಗರಹಾವು’ ಹಿಡಿದೆ. ಎಸ್‌ಪಿಬಿ ಹಾಡಿದ ‘ಹಾವಿನ ದ್ವೇಷ ಹನ್ನೆರಡು ವರುಷ, ನನ್ನ ರೋಷ ನೂರು ವರುಷ’. ದ್ವೇಷ ಅನ್ನುವ ಪದವೇ ಇದೆಯಲ್ಲ! ಆದರೆ ಅದು ಯಾರಿಗಿದೆ ನೋಡಿ. ಹಾವಿಗೆ. ರಾಮಾಚಾರಿಗೆ ಇರುವುದು ರೋಷ. ಪ್ರಾಸಕ್ಕೆ ಹಾಗೆ ಮಾಡಿದ್ದಾರೆ ಅನ್ನೋಣ ಎಂದರೆ ಎರಡೂ ಪದ ಪ್ರಾಸಕ್ಕೆ ಕೂರುತ್ತವೆ. ಐವತ್ತು ವರ್ಷದಿಂದ ಗುನುಗುತ್ತಿದ್ದೇನೆ, ಇದು ಕಣ್ಣಿಗೆ ಬಿದ್ದದ್ದು ನಿಮ್ಮ ಪತ್ರ ಬಂದ ಮೇಲೆ. ಆ ರೋಷವೂ ಕೊನೆಗೆ ಯಾರ ಮೇಲೆ ಬೀಳುತ್ತದೆ ಅಂದರೆ, ಅವನು ಪ್ರಾಣಕ್ಕಿಂತ ಜಾಸ್ತಿ ಹಚ್ಚಿಕೊಂಡಿದ್ದ ಚಾಮಯ್ಯ ಮೇಷ್ಟ್ರ ಮೇಲೆ.

ಕೊನೆಗೆ ಭರತಮುನಿಯಾದರೂ ಕಾಪಾಡಲಿ ಅಂತ ‘ನಾಟ್ಯಶಾಸ್ತ್ರ’ ತೆಗೆದೆ. ಎಂಟು ಸ್ಥಾಯಿ ಭಾವ, ಅಂದರೆ ನೆಲೆ ನಿಲ್ಲುವ ಭಾವ. ರತಿ, ಅಂದರೆ ಪ್ರೀತಿ, ಮೊದಲೇ ಇದೆ. ಕ್ರೋಧ ಇದೆ, ಜುಗುಪ್ಸೆ ಇದೆ. ಬಂದು ಹೋಗುವ 33 ಭಾವಗಳ ಪಟ್ಟಿಯಲ್ಲಿ ಅಸೂಯೆಯೂ ಇದೆ, ಸೋಮಾರಿತನವೂ ಇದೆ, ನಿದ್ದೆಗೂ ಒಂದು ಜಾಗ ಸಿಕ್ಕಿದೆ. ದ್ವೇಷ ಎಲ್ಲೂ ಇಲ್ಲ. ನಿದ್ದೆಗಿಂತ ಕಡೆ! ಯಾಕೆ ಬಿಟ್ಟರೋ ಅವರನ್ನೇ ಕೇಳಬೇಕು. ನನಗೆ ಅನ್ನಿಸುವುದು, ಕೋಪಕ್ಕೆ ಒಂದು ಶುರು ಇರುತ್ತದೆ, ಯಾರೋ ಏನೋ ಮಾಡಿರುತ್ತಾರೆ, ಅದನ್ನು ಆಡಿ ತೋರಿಸಬಹುದು. ದ್ವೇಷ ಆ ಶುರುವನ್ನೇ ಮರೆತಿರುತ್ತದೆ. ನಟ ಪಾಪ ಏನು ಅಂತ ಆಡಬೇಕು?

ಇಲ್ಲಿಗೆ ನೀವು ಗೆದ್ದಿರಿ ಅಂತ ಮುಗಿಸಬಹುದಿತ್ತು. ಆದರೆ ನೀವು ಕೇಳಿದ್ದು ಒಂದೇ ಹಾಡು, ಮತ್ತು ಅಂಥದ್ದು ಒಂದಿದೆ. ಆಫ್ರಿಕಾದ ರುವಾಂಡಾದಲ್ಲಿ ಸಿಮೋನ್ ಬಿಕಿಂಡಿ ಅಂತ ದೊಡ್ಡ ಹಾಡುಗಾರ ಇದ್ದ. ಜನಪದ ಧಾಟಿ, ಕುಣಿತದ ಮೇಳ, ಕೇಳಿದವರು ತಲೆದೂಗುವ ಸಂಗೀತ. ಅವನ ಒಂದು ಹಾಡಿನ ಹೆಸರಿನ ಅರ್ಥವೇ ‘ಈ ಹುಟುಗಳನ್ನು ನಾನು ದ್ವೇಷಿಸುತ್ತೇನೆ’. ಹುಟು, ಟುಟ್ಸಿ ಅಲ್ಲಿನ ಎರಡು ಜನಾಂಗಗಳು; ಅವನೂ ಹುಟುವೇ. ಟುಟ್ಸಿಗಳ ಜೊತೆ ಸೇರಿಕೊಂಡ ತನ್ನವರ ಮೇಲೆ ಅವನಿಗೆ ಆ ಸಿಟ್ಟು. 1994ರಲ್ಲಿ ಲಕ್ಷಗಟ್ಟಲೆ ಟುಟ್ಸಿಗಳನ್ನು ಕೊಲ್ಲುತ್ತಿದ್ದ ದಿನಗಳಲ್ಲಿ ಆರ್‌ಟಿಎಲ್‌ಎಂ ರೇಡಿಯೊ ಅವನ ಹಾಡುಗಳನ್ನು ಹಾಕುತ್ತಿತ್ತು. 2008ರಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ಅವನಿಗೆ 15 ವರ್ಷ ಜೈಲು ಕೊಟ್ಟಿತು. ಹಾಡಿದ್ದಕ್ಕಲ್ಲ, ವಾಹನಕ್ಕೆ ಮೈಕ್ ಕಟ್ಟಿಕೊಂಡು ಕೊಲ್ಲಿ ಅಂತ ಕೂಗಿದ್ದಕ್ಕೆ. ಹಾಡುಗಳು ದ್ವೇಷ ಹಬ್ಬಿಸಲು ಬಳಕೆಯಾದವು ಅಂತ ಮಂಡಳಿ ಒಪ್ಪಿತು, ಆದರೆ ಆಗ ಅವು ಪ್ರಸಾರವಾದದ್ದರಲ್ಲಿ ಅವನ ಕೈ ಇತ್ತು ಅನ್ನುವುದು ರುಜುವಾಗಲಿಲ್ಲ. ಟೀಚರ್, ನನಗೆ ಇದರಲ್ಲಿ ಹೆದರಿಕೆ ಹುಟ್ಟಿಸಿದ್ದು ಆ ಸಂಗೀತ ಚೆನ್ನಾಗಿತ್ತು ಅನ್ನುವುದು. ಬೇಸುರ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅಲ್ವಾ?

ನಮ್ಮ ಸಂಚಿಕೆಯಲ್ಲಿ ಪಿಕಾಸೊನ ‘ಗೆರ್ನಿಕಾ’ ಚಿತ್ರವನ್ನು ‘ದ್ವೇಷದ ಮಹಾಕಾವ್ಯ’ ಅಂತ ಕರೆದಿದ್ದೆವು. ಆ ಶೀರ್ಷಿಕೆ ವಾಪಸ್ ತೆಗೆದುಕೊಳ್ಳುತ್ತೇನೆ. 1937ರ ಏಪ್ರಿಲ್ 26ರಂದು ಜರ್ಮನಿ, ಇಟಲಿಯ ವಿಮಾನಗಳು ಸ್ಪೇನಿನ ಆ ಊರನ್ನು ಸುಟ್ಟವು. ಪಿಕಾಸೊ ಸಿಟ್ಟಿನಿಂದಲೇ ಬರೆದದ್ದು, ಸುಮಾರು ಮೂರೂವರೆ ಮೀಟರ್ ಎತ್ತರ, ಎಂಟು ಮೀಟರ್‌ಗೆ ಹತ್ತಿರ ಅಗಲ. ಅಷ್ಟು ದೊಡ್ಡ ಕ್ಯಾನ್ವಾಸಿನಲ್ಲಿ ಒಂದು ವಿಮಾನ ಇಲ್ಲ, ಬಾಂಬ್ ಹಾಕಿದವನ ಮುಖ ಇಲ್ಲ. ಸತ್ತ ಮಗುವನ್ನು ಎತ್ತಿಕೊಂಡು ಚೀರುವ ತಾಯಿ ಇದ್ದಾಳೆ, ಒದ್ದಾಡುವ ಕುದುರೆ ಇದೆ. ಯಾರನ್ನು ದ್ವೇಷಿಸಬೇಕು ಅಂತ ಆ ಚಿತ್ರ ಬೆರಳು ತೋರಿಸುವುದಿಲ್ಲ.

ಮೊಮ್ಮಗಳಿಗೆ ಪತ್ರಿಕೆ ಕೊಡಬೇಡಿ, ಪರವಾಗಿಲ್ಲ. ಆದರೆ ಮುಖಪುಟಕ್ಕಿಂತ ಒಳಗೆ ಪುಟ 31 ನೋಡಿದಿರಾ? ಬೇಡ ಅಂದ ಹುಡುಗಿಯ ಹಿಂದೆ ಮೂರು ಹಾಡಿನಷ್ಟು ಹೊತ್ತು ಸುತ್ತುವ ಹೀರೋಗಳನ್ನು ‘ಅಮರ ಪ್ರೇಮಿಗಳು’ ಪಟ್ಟಿಗೆ ಹಾಕಿದ್ದೇವೆ. ನನಗೆ ನಾಚಿಕೆಯಾಗಬೇಕಿದ್ದರೆ ಅದಕ್ಕೆ ಆಗಬೇಕು. ಸಾಹುಕಾರ ಸಿದ್ದಪ್ಪ ತಾನು ಪ್ರೇಮಿ ಅಂತ ಯಾವತ್ತೂ ಹೇಳಿಕೊಂಡವನಲ್ಲ.

ಇನ್ನು ರಾಗದ ಮಾತು. ನಾನು ಸಂಗೀತ ಕಲಿತವನಲ್ಲ, ತಪ್ಪಿದ್ದರೆ ತಿದ್ದಿ. ಅಠಾಣ ರಾಗ ಶುರುವಾದರೆ ಯಾರೋ ಪಂಚೆ ಎತ್ತಿ ಕಟ್ಟಿ ಜಗಳಕ್ಕೆ ನಿಂತ ಹಾಗೆ ನನಗೆ ಕೇಳಿಸುತ್ತದೆ. ಅದೇ ರಾಗದಲ್ಲಿ ತ್ಯಾಗರಾಜರು ‘ಏಲ ನೀ ದಯರಾದು’ ಅಂತ ಕೇಳುತ್ತಾರೆ, ನಿನಗೆ ನನ್ನ ಮೇಲೆ ಯಾಕೆ ದಯೆ ಬಾರದು ಅಂತ. ಅದು ಸಿಟ್ಟಾ, ಪ್ರೀತಿಯಾ? ಎರಡು ಪುಟ ಖಾಲಿ ಇಟ್ಟಿದ್ದೇನೆ, ಇಪ್ಪತ್ತನೇ ತಾರೀಖಿನೊಳಗೆ ಬರೆದು ಕಳಿಸಿ. ಮುಖಪುಟಕ್ಕೆ ವೀಣೆ ಹಾಕಿಸುತ್ತೇನೆ.