ದುಡಿಯಲಿಕ್ಕೂ ದುಡ್ಡು ಕಟ್ಟಬೇಕೇ?

ಶಹಾಪುರದ ಓದುಗರೊಬ್ಬರು ಬರೆದಿದ್ದಾರೆ:

"ಸಂಪಾದಕರಿಗೆ ಶರಣು. ನಾನು ಪ್ರಾಥಮಿಕ ಶಾಲಾ ಶಿಕ್ಷಕ. ಮಗಳು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಸೈನ್ಸ್ ಬಿ.ಇ. ಓದುತ್ತಿದ್ದಾಳೆ, ಈಗ ಏಳನೇ ಸೆಮಿಸ್ಟರ್. ಕೊನೆಯ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ನೀವೇ ಹುಡುಕಿಕೊಳ್ಳಿ ಎಂದಿದ್ದಾರೆ. ಮೂರು ಕಡೆಯಿಂದ ಕರೆ ಬಂದಿದೆ. ಬೆಂಗಳೂರಿನ ಕಂಪನಿಯೊಂದು ಆರು ಸಾವಿರ ರಿಜಿಸ್ಟ್ರೇಶನ್ ಫೀ ಕಟ್ಟಿದರೆ ಮನೆಯಿಂದಲೇ ಮಾಡಿಸಿ ಸರ್ಟಿಫಿಕೇಟ್ ಕೊಡುತ್ತದಂತೆ. ಹೈದರಾಬಾದಿನದು ಆರು ತಿಂಗಳು, ಸ್ಟೈಪೆಂಡ್ ಇಲ್ಲ, ಆದರೆ ನೌಕರಿ ಗ್ಯಾರಂಟಿ ಅನ್ನುತ್ತಾರೆ. ಕಲಬುರಗಿಯಲ್ಲೇ ಹತ್ತು ಹನ್ನೆರಡು ಮಂದಿಯ ಸಣ್ಣ ಆಫೀಸಿನವರು ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತಾರಂತೆ. ಗೆಳತಿಗೆ ಬೆಂಗಳೂರಿನಲ್ಲಿ ಇಪ್ಪತ್ತೈದು ಸಾವಿರ ಸಿಕ್ಕಿದೆ, ನಾಲ್ಕು ಸಾವಿರ ಅಂತ ಹೇಳಲಿಕ್ಕೂ ನಾಚಿಕೆ ಎನ್ನುತ್ತಾಳೆ ಮಗಳು. ನನ್ನ ತಮ್ಮನಿಗಾಗಿ ತೊಗರಿ ಧಾರಣೆ ತೋರಿಸುವ ಒಂದು ಪುಟ ಮಾಡಿದ್ದಾಳೆ, ಅದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನಿಲ್ಲ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಸರ್ಟಿಫಿಕೇಟ್ ಇದೆ, ಅದರಿಂದ ಅನುಕೂಲ ಆದೀತೇ? ಕಂಪನಿಯವರ ಕಾಗದಗಳ ಪ್ರತಿ ಇಟ್ಟಿದ್ದೇನೆ."

ಸಂಪಾದಕರ ಉತ್ತರ:

ಮಾಸ್ತರರೇ, ಶರಣು ಶರಣಾರ್ಥಿ.

ಆರು ಸಾವಿರದ ಮಾತು ಮೊದಲು ಮುಗಿಸಿಬಿಡೋಣ. ಕಟ್ಟಬೇಡಿ. ನೀವು ಕಳಿಸಿದ ಆ ಕಾಗದವನ್ನು ಎರಡು ಸಲ ಓದಿದೆ. ಮೇಲ್ಗಡೆ ಸಾಲಾಗಿ ಮುದ್ರೆಗಳಿವೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಎಂಎಸ್‌ಎಂಇ ಅಂತ, ಅಂದರೆ ಸಣ್ಣ-ಮಧ್ಯಮ ಉದ್ಯಮ. ಅದಕ್ಕೆ ಬೇಕಾದ ಉದ್ಯಮ್ ನೋಂದಣಿ ಪುಕ್ಕಟೆ, ಆಧಾರ್ ಇಟ್ಟುಕೊಂಡು ಕೂತಲ್ಲೇ ಮಾಡಿಕೊಳ್ಳಬಹುದು, ಹಿಟ್ಟಿನ ಗಿರಣಿಗೂ ಸಿಗುತ್ತದೆ. ನಿಮ್ಮ ಮಗಳಿಗೆ ಏನಾದರೂ ಕಲಿಸುತ್ತಾರೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ವಿಳಾಸವೆಂದರೆ ಒಂದು ಜಿಮೇಲ್. ಯಾರ ಕೈಕೆಳಗೆ ಕೆಲಸ, ದಿನಕ್ಕೆ ಎಷ್ಟು ತಾಸು, ಏನು ಮಾಡಿಸುತ್ತಾರೆ, ಒಂದೂ ಇಲ್ಲ. ಕಟ್ಟಿದ ಹಣ ಮರಳಿ ಸಿಗುವುದಿಲ್ಲ ಎಂಬುದು ಮಾತ್ರ ದಪ್ಪಕ್ಷರದಲ್ಲಿದೆ.

ಹೆಸರಿನ ಮುಂದೆ ಪ್ರೈವೇಟ್ ಲಿಮಿಟೆಡ್ ಎಂದು ಹಾಕಿಕೊಂಡಿದ್ದಾರೆ. ಹಾಗಿದ್ದರೆ 2013ರ ಕಂಪನಿ ಕಾಯ್ದೆಯಂತೆ ಲೆಟರ್‌ಹೆಡ್ ಮೇಲೆ ಸಿಐಎನ್ ಎಂಬ ಗುರುತಿನ ಸಂಖ್ಯೆ ಅಚ್ಚಾಗಿರಬೇಕು. ಇದರಲ್ಲಿ ಇಲ್ಲ. ಹೈದರಾಬಾದಿನವರ ಕಾಗದದಲ್ಲಿ ಇದೆ, ಅದನ್ನು ಓದುವುದು ಹೇಗೆಂದು ಹೇಳುತ್ತೇನೆ, ಮಗಳ ಗೆಳತಿಯರಿಗೂ ಉಪಯೋಗಕ್ಕೆ ಬಂದೀತು. ಒಟ್ಟು 21 ಅಕ್ಷರ-ಅಂಕಿ. ಮೊದಲನೆಯದು ಎಲ್ ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ಯು ಇದ್ದರೆ ಅಲ್ಲ. ಆಮೇಲಿನ ಐದು ಅಂಕಿ ಯಾವ ಧಂದೆ ಎಂಬುದಕ್ಕೆ. ನಂತರದ ಎರಡಕ್ಷರ ರಾಜ್ಯ, ನಮ್ಮದಕ್ಕೆ ಕೆಎ. ಅದರ ಬೆನ್ನಿಗಿರುವ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ವರ್ಷ. ಹದಿನೈದು ವರ್ಷದ ಅನುಭವ ಎಂದು ಕೊಚ್ಚಿಕೊಳ್ಳುವವರ ಸಂಖ್ಯೆಯಲ್ಲಿ 2023 ಕಂಡರೆ ಏನು ತಿಳಿಯಬೇಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಸಂಖ್ಯೆಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹಾಕಿದರೆ ವಿಳಾಸ, ಬಂಡವಾಳ, ಕಂಪನಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ.

ಹೈದರಾಬಾದಿನವರದು ಮೋಸ ಎನ್ನಲಾರೆ, ಆದರೆ ಲೆಕ್ಕ ಹಾಕಿ ನೋಡಿ. ಊಟ ಸೇರಿಸಿ ಪಿಜಿಗೆ ಏಳೆಂಟು ಸಾವಿರ, ಓಡಾಟ, ಮೊಬೈಲು, ಚಹಾ ಅಂತ ಇನ್ನೆರಡು ಸಾವಿರ. ಆರು ತಿಂಗಳಿಗೆ ಅರವತ್ತು ಸಾವಿರದ ಹತ್ತಿರ ಬಂತು. ಬೆಂಗಳೂರಿನವರು ಆರು ಸಾವಿರ ಕೇಳಿದಾಗ ನಿಮಗೆ ಸಿಟ್ಟು ಬಂತು, ಇಲ್ಲಿ ಅದರ ಹತ್ತು ಪಟ್ಟು ಹೋಗುವುದು ಕಾಣಲಿಲ್ಲ, ಯಾಕೆಂದರೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಇನ್ನೊಂದು: ನಮ್ಮ ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ. ತೆಲಂಗಾಣದಲ್ಲೂ 2023ರ ಡಿಸೆಂಬರಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆದರೆ ಅದು ಆ ರಾಜ್ಯದವರಿಗೆ ಮಾತ್ರ. ನಮ್ಮ ಹುಡುಗಿ ಟಿಕೆಟ್ ತಗೋಬೇಕು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕೇಳುವುದು 14ರಿಂದ 20 ವಾರದ ಇಂಟರ್ನ್‌ಶಿಪ್. ಕಾಲೇಜು ಸ್ವಾಯತ್ತವಾಗಿದ್ದರೆ ತುಸು ಹೆಚ್ಚುಕಡಿಮೆ ಇದ್ದೀತು. ಇವರಿಗೆ ಆರು ತಿಂಗಳು ಯಾಕೆ ಬೇಕು? ಮತ್ತು ಆ ನೌಕರಿ ಗ್ಯಾರಂಟಿ ಫೋನಿನಲ್ಲಿ ಹೇಳಿದ್ದು, ಕಾಗದದಲ್ಲಿ ಹುಡುಕಿದೆ, ಸಿಗಲಿಲ್ಲ. ಮೂಲ ಅಂಕಪಟ್ಟಿಗಳನ್ನು ಆಫೀಸಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಮಾತ್ರ ಇದೆ. ಅದಕ್ಕೆ ಎಂದಿಗೂ ಒಪ್ಪಬೇಡಿ. ನಕಲು ಪ್ರತಿ ಕೊಡಿ, ಮೂಲ ತೋರಿಸಿ ವಾಪಸ್ ತನ್ನಿ.

ಇನ್ನು ಎಷ್ಟು ಕೊಡುತ್ತಾರೆ ಎಂಬ ಪ್ರಶ್ನೆ. ಎಂಜಿನಿಯರಿಂಗ್ ಓದುವ ಇಂಟರ್ನಿಗೆ ಇಷ್ಟು ಕೊಡಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಸೊನ್ನೆಯಿಂದ ಲಕ್ಷದವರೆಗೂ ಇದೆ. ಸಣ್ಣ ಆಫೀಸುಗಳಲ್ಲಿ ಮೂರರಿಂದ ಹತ್ತು ಸಾವಿರ, ನಡುವಿನ ಕಂಪನಿಗಳಲ್ಲಿ ಹತ್ತರಿಂದ ಇಪ್ಪತ್ತೈದು ಸಾವಿರ ಕೇಳಿಬರುವ ಮಾತು. ತನ್ನದೇ ಸಾಫ್ಟ್‌ವೇರ್ ಮಾಡಿ ಮಾರುವ ದೊಡ್ಡ ಕಂಪನಿಗಳು ಐವತ್ತು ಸಾವಿರದ ಮೇಲೆ ಕೊಡುವುದುಂಟು, ಆದರೆ ಅವು ಹೆಚ್ಚಾಗಿ ಹೆಸರಾದ ಕೆಲವೇ ಕಾಲೇಜುಗಳ ಬಾಗಿಲಿಗೆ ಹೋಗುತ್ತವೆ. ದೊಡ್ಡ ಸೇವಾ ಕಂಪನಿಗಳಲ್ಲಿ ಓದು ಮುಗಿಸಿ ಸೇರುವವರ ಸಂಬಳವೇ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿದೆ. ಅದನ್ನು ತಿಂಗಳಿಗೆ ಭಾಗಿಸಿದರೆ ಮಗಳ ಗೆಳತಿಗೆ ಸಿಕ್ಕದ್ದು ನಿಜಕ್ಕೂ ಒಳ್ಳೆಯದು ಎಂದು ಗೊತ್ತಾಗುತ್ತದೆ. ಅದು ಎಲ್ಲರ ದರ ಅಲ್ಲ.

ನಾಲ್ಕು ಸಾವಿರದ ನಾಚಿಕೆ ಬೇಡ ಎನ್ನಲಿಕ್ಕೆ ಕಾರಣ ಇದೆ. ಮಗಳು ಈಗಾಗಲೇ ಕಲಬುರಗಿ ಹಾಸ್ಟೆಲಿನಲ್ಲಿದ್ದಾಳೆ, ಹೊಸ ಖರ್ಚಿಲ್ಲ, ನಾಲ್ಕಕ್ಕೆ ನಾಲ್ಕೂ ಕೈಯಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಹತ್ತು ಸಾವಿರ ಕೊಟ್ಟರೂ ಮನೆಯಿಂದ ದುಡ್ಡು ಹಾಕಬೇಕು. ಹಾಗಂತ ಕೂಡಲೇ ಒಪ್ಪಿಕೊಳ್ಳಲಿ ಎಂದೂ ಹೇಳುತ್ತಿಲ್ಲ. ಒಂದು ದಿನ ಆ ಆಫೀಸಿಗೆ ಹೋಗಿ ಕೂತು ಬರಲಿ. ಅವಳು ಬರೆದ ಕೋಡನ್ನು ದಿನಾ ಯಾರು ನೋಡುತ್ತಾರೆ ಎಂದು ಕೇಳಲಿ, ಹೆಸರು ಹಿಡಿದು ಹೇಳಬೇಕು. ಗಿರಾಕಿ ಯಾರು, ಯಾವ ಕೆಲಸ ನಡೆದಿದೆ ಎಂದು ಕೇಳಲಿ. ಆಸ್ಪತ್ರೆಯ ಬಿಲ್ಲಿಂಗ್ ಆಗಲಿ, ದಾಲ್ ಮಿಲ್ಲಿನ ಸ್ಟಾಕ್ ಲೆಕ್ಕವಾಗಲಿ, ನಿಜವಾಗಿ ಯಾರೋ ದಿನಾ ಬಳಸುವ ಸಾಫ್ಟ್‌ವೇರಿನಲ್ಲಿ ಕೈಯಾಡಿಸಿದರೆ ಸಾಕು. ಮಾಲೀಕರು ಡೇಟಾ ಎಂಟ್ರಿ, ವಾಟ್ಸ್ಆ್ಯಪ್ ಮೆಸೇಜು, ಶಾಲೆಗಳಿಗೆ ಫೋನು ಮಾಡುವುದು ಎಂದರೆ ನಾಲ್ಕಲ್ಲ, ಎಂಟು ಸಾವಿರ ಕೊಟ್ಟರೂ ಬೇಡ. ಸರಿ ಕಂಡರೆ ಆರು ಸಾವಿರ ಕೇಳಲಿ. ಕೇಳಿದರೆ ಬಾಯಿ ಹೋಗುವುದಿಲ್ಲ. ಸ್ಟೈಪೆಂಡ್ ತಿಂಗಳಿಗೊಮ್ಮೆ ಬ್ಯಾಂಕಿಗೆ ಹಾಕುತ್ತಾರೋ, ಎಲ್ಲ ಮುಗಿದ ಮೇಲೆ ಒಮ್ಮೆಲೇ ಕೊಡುತ್ತಾರೋ ಎಂಬುದೂ ಕಾಗದದಲ್ಲಿ ಬರಲಿ. ಒಮ್ಮೆಲೇ ಕೊಡುತ್ತೇವೆ ಎಂದವರು ಕೊನೆಗೆ ಕೈ ಎತ್ತಿದ ದೂರುಗಳು ನಮ್ಮ ಕಚೇರಿಗೆ ಬರುತ್ತಲೇ ಇವೆ.

371ಜೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸರ್ಕಾರಿ ಹುದ್ದೆಗೂ ಕಾಲೇಜು ಸೀಟಿಗೂ ಅದು ಆಸರೆ, ಖಾಸಗಿ ಕಂಪನಿಯನ್ನು ಅದು ಕಟ್ಟಿಹಾಕುವುದಿಲ್ಲ. ಸರ್ಟಿಫಿಕೇಟನ್ನು ಜೋಪಾನವಾಗಿ ಇಡಿ, ಮುಂದೆ ಬೇಕಾಗುತ್ತದೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆಯೂ ಕೇಳಿರುತ್ತೀರಿ, 2024ರ ಅಕ್ಟೋಬರಿನಲ್ಲಿ ಶುರುವಾದದ್ದು, ಆಗ ತಿಂಗಳಿಗೆ 5,000 ರೂಪಾಯಿ ಇತ್ತು. ಶುರುವಿನ ನಿಯಮದಲ್ಲಿ ಪೂರ್ಣಾವಧಿ ಓದುತ್ತಿರುವವರಿಗೆ ಅದು ಇರಲಿಲ್ಲ, ಹಾಗಾಗಿ ಈಗಿನ ನಿಯಮ ನೋಡದೆ ಅದನ್ನು ನಂಬಿ ಕೂರಬೇಡಿ. ಓದು ಮುಗಿದ ಮೇಲೆ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆ ಇದೆ, ನ್ಯಾಟ್ಸ್ ಅಂತಾರೆ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿದ್ದರು, ಅದನ್ನು ಹೆಚ್ಚಿಸಬೇಕೆಂದು 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿದೆ. ಐಟಿ ಸಚಿವಾಲಯದ ಡಿಜಿಟಲ್ ಇಂಡಿಯಾ ಇಂಟರ್ನ್‌ಶಿಪ್ ಎರಡು ತಿಂಗಳಿನದು, ತಿಂಗಳಿಗೆ 10,000. ಕೊನೆಯ ಸೆಮಿಸ್ಟರಿನ ವಾರಗಳಿಗೆ ಅದು ಸಾಲುವುದಿಲ್ಲ. ಮೂರನೇ ವರ್ಷದಲ್ಲಿರುವ ಮಕ್ಕಳ ತಂದೆತಾಯಿ ಇದನ್ನು ಓದುತ್ತಿದ್ದರೆ ಬೇಸಿಗೆಗೆ ನೆನಪಿಟ್ಟುಕೊಳ್ಳಲಿ.

ನಮ್ಮ ಭಾಗದಲ್ಲಿ ಕಾಲೇಜುಗಳಿಗೆ ಬರವಿಲ್ಲ. ಕಲಬುರಗಿಯ ಪಿಡಿಎ 1958ರಿಂದ ಇದೆ, ಬೀದರಿನ ಗುರುನಾನಕ್ ದೇವ್ 1980ರಿಂದ. ಅಲ್ಲಿಂದ ಹೊರಬಂದವರು ಇವತ್ತು ಬೆಂಗಳೂರು, ಹೈದರಾಬಾದು, ಪುಣೆಯ ಆಫೀಸುಗಳಲ್ಲಿ ತುಂಬಿದ್ದಾರೆ. ನಮ್ಮ ಮಕ್ಕಳು ಯಾವುದೋ ಜಾಹೀರಾತಿಗೆ ಅರ್ಜಿ ಹಾಕಿ ಕಾಯುತ್ತಾರೆಯೇ ಹೊರತು ತಮ್ಮದೇ ಕಾಲೇಜಿನ ಹಳೆಯ ವಿದ್ಯಾರ್ಥಿಗೆ ನಾಲ್ಕು ಸಾಲು ಬರೆಯಲು ಸಂಕೋಚಪಡುತ್ತಾರೆ. ನೌಕರಿಯವರ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಸಾಲುಸಾಲಾಗಿ ಬರುತ್ತಾರೆ. 'ಅಣ್ಣಾ, ಅಕ್ಕಾ, ಏನಾದರೂ ಕೆಲಸ ಕೊಡಿಸ್ರಿ' ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ.

ಏನು ಬರೆಯಬೇಕು ಅಂದರೆ, ನೀವು ಪತ್ರದಲ್ಲಿ 'ಅದು ಬಿಟ್ಟರೆ ಏನಿಲ್ಲ' ಎಂದು ತಳ್ಳಿಹಾಕಿದ ಆ ತೊಗರಿ ಪುಟದ ಬಗ್ಗೆ. ಮಾಸ್ತರರೇ, ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಆನ್‌ಲೈನ್ ಶಾಪಿಂಗ್ ಪುಟ, ಲೈಬ್ರರಿ ಮ್ಯಾನೇಜ್‌ಮೆಂಟ್ ಎಂದು ಊರ ಹುಡುಗರೆಲ್ಲ ಒಂದೇ ಪ್ರಾಜೆಕ್ಟ್ ತೋರಿಸುವಾಗ, ಕಲಬುರಗಿ ಎಪಿಎಂಸಿಯ ಧಾರಣೆಯನ್ನು ಒಬ್ಬ ರೈತ ಫೋನಿನಲ್ಲಿ ನೋಡುವಂತೆ ಮಾಡಿದ್ದು ಬೇರೆಯೇ ಆಗಿ ಕಾಣುತ್ತದೆ. ಧಾರಣೆ ಎಲ್ಲಿಂದ ತರುತ್ತಾಳೆ? ಪೇಟೆ ಬಂದ್ ಇರುವ ದಿನ ಪುಟ ಏನು ತೋರಿಸುತ್ತದೆ, ಹಳೆಯ ರೇಟೋ, ಖಾಲಿಯೋ? ನೆಟ್‌ವರ್ಕ್ ಸಿಗದ ಹೊಲದಲ್ಲಿ ತೆರೆಯುತ್ತದೆಯೇ? ಚಿಕ್ಕಪ್ಪ ಏನು ತಕರಾರು ತೆಗೆದ, ಅದನ್ನು ಹೇಗೆ ಸರಿಮಾಡಿದಳು? ಇಂಟರ್‌ವ್ಯೂನಲ್ಲಿ ಕೂತವರು ಅರ್ಧ ತಾಸು ಇದನ್ನೇ ಕೆದಕುತ್ತಾರೆ. ಕೋಡನ್ನು ಎಲ್ಲರೂ ನೋಡುವಂತೆ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಹಾಕಲಿ, ಜೊತೆಗೆ ಒಂದು ಪುಟದ ವಿವರಣೆ ಇರಲಿ, ಪತ್ರದಲ್ಲಿ ಅದರ ಲಿಂಕ್ ಕೊಡಲಿ. ಇಂಗ್ಲಿಷು ಸರಳವಾಗಿದ್ದರೆ ಸಾಕು.

ಕೋಡು ಬರೆಯುವುದರಲ್ಲಿ ಹಿಡಿತ ಬಂದಿದ್ದರೆ, ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರಿಗೆ ಕೋಡು ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್ ನೋಡಲಿ. 2005ರಿಂದ ನಡೆದಿದೆ, ಊರು ಬಿಡಬೇಕಿಲ್ಲ, ಮೆಂಟರ್ ಇರುತ್ತಾರೆ, ಡಾಲರಿನಲ್ಲಿ ಕೊಡುತ್ತಾರೆ, ಮಧ್ಯಮ ಪ್ರಾಜೆಕ್ಟಿಗೇ ನಮ್ಮ ಲೆಕ್ಕದಲ್ಲಿ ಲಕ್ಷ ದಾಟುತ್ತದೆ. ಸ್ಪರ್ಧೆ ಬಿರುಸು, ತಿಂಗಳುಗಟ್ಟಲೆ ಮೊದಲೇ ತಯಾರಿ ಬೇಕು. ಅದನ್ನು ಇಂಟರ್ನ್‌ಶಿಪ್ ಎಂದು ಒಪ್ಪುತ್ತಾರೋ ಇಲ್ಲವೋ ಕಾಲೇಜಿನ ವಿಭಾಗದ ಮುಖ್ಯಸ್ಥರಿಂದ ಮೊದಲೇ ಬರೆಸಿಕೊಳ್ಳಲಿ.

ಬೆಂಗಳೂರಿನವರಿಗೆ ಉತ್ತರ ಬರೆಯುವ ಗೋಜು ಬೇಡ, ಹೈದರಾಬಾದಿನವರಿಗೆ ಈ ವಾರವೇ ಬರುವುದಿಲ್ಲ ಎಂದು ತಿಳಿಸಿಬಿಡಲಿ. ಕಲಬುರಗಿಯ ಆಫೀಸಿನವರ ಬಳಿ ಹದಿನೈದು ದಿನ ಗಡುವು ಕೇಳಿ, ಆ ಹದಿನೈದು ದಿನದಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಬರೆಯುವುದು ಮುಗಿಯಲಿ. ಆಫೀಸಿಗೆ ಹೋಗಿ ಬಂದಮೇಲೆ ಅವರು ಕೊಡುವ ಕಾಗದವನ್ನು ಸಹಿ ಹಾಕುವ ಮುಂಚೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಜೊತೆಗೆ ತೊಗರಿ ಪುಟದ ಲಿಂಕ್ ಕೂಡ.